ಎರಡು ವರ್ಷಕ್ಕೊಮ್ಮೆ ಮೊದಲಿನಿಂದ: ಹೊರದೇಶದ ಸ್ವಯಂಸೇವಕರ ಅನುಭವ ಎಲ್ಲಿ ಸೋರಿಹೋಗುತ್ತದೆ?

ವಿಶ್ವಸಂಸ್ಥೆ 2026ನ್ನು ಸ್ವಯಂಸೇವಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಸಮಾವೇಶ, ಗೌರವಪತ್ರ, ಗುಂಪು ಫೋಟೊಗಳಿಗೆ ಈ ವರ್ಷ ಬರವಿರುವುದಿಲ್ಲ. ‘ಅನುಭವ ಹಂಚಿಕೊಳ್ಳೋಣ’ ಎಂಬ ಮಾತಂತೂ ಎಲ್ಲ ವೇದಿಕೆಗಳ ಮೇಲೂ ಕೇಳಿಬರುತ್ತದೆ. ಆದರೆ ಬೇರೆ ದೇಶದ ಹಳ್ಳಿಗೆ ಹೋಗಿ ಒಂದೆರಡು ವರ್ಷ ದುಡಿದು ಬರುವ ಸ್ವಯಂಸೇವಕರ ಲೋಕದಲ್ಲಿ ಮಾತುಕತೆಗೆ ಯಾವತ್ತೂ ಕೊರತೆಯಿರಲಿಲ್ಲ. ಅಲ್ಲಿ ಎಡವಟ್ಟಾಗುವುದು ಒಬ್ಬರು ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳುವ ಹೊತ್ತಿನಲ್ಲಿ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ಚಾರ್ಜ್ ಕೊಡುವುದು’ ಎನ್ನುತ್ತೇವಲ್ಲ, ಅದು ಅಲ್ಲಿ ಸರಿಯಾಗಿ ಆಗುವುದೇ ಇಲ್ಲ.

ಅಮೆರಿಕ ಸರ್ಕಾರದ ಸ್ವಯಂಸೇವಕ ಸಂಸ್ಥೆ ಪೀಸ್ ಕೋರ್ ಇದಕ್ಕೆ ಒಳ್ಳೆಯ ಉದಾಹರಣೆ. 1961ರಲ್ಲಿ ಹುಟ್ಟಿದ ಈ ಸಂಸ್ಥೆ ಈವರೆಗೆ 140ಕ್ಕೂ ಹೆಚ್ಚು ದೇಶಗಳಿಗೆ 2,40,000ಕ್ಕೂ ಹೆಚ್ಚು ಜನರನ್ನು ಕಳಿಸಿದೆ. 1961ರಿಂದ 1976ರವರೆಗೆ ಭಾರತದಲ್ಲೂ ಅದರ ಸ್ವಯಂಸೇವಕರಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ಮುಂಬೈ ಹತ್ತಿರದ ವಿಕ್ರೋಲಿಯಲ್ಲಿ ಕೆಲಸ ಮಾಡಿದ್ದು ಹಾಗೆ ಬಂದೇ. ಸ್ವಯಂಸೇವಕರ ಅವಧಿ ಸಾಮಾನ್ಯವಾಗಿ 27 ತಿಂಗಳು: ಮೂರು ತಿಂಗಳು ತರಬೇತಿ, ಎರಡು ವರ್ಷ ಹಳ್ಳಿ. ಸ್ಥಳೀಯ ಭಾಷೆ ನಾಲಗೆಗೆ ಹತ್ತಿ, ಯಾರ ಮಾತು ಊರಲ್ಲಿ ನಡೆಯುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ.

ಇದರ ಮೇಲೊಂದು ಕಾನೂನಿನ ಕಟ್ಟೂ ಇದೆ. 1965ರ ತಿದ್ದುಪಡಿಯ ಪ್ರಕಾರ ಪೀಸ್ ಕೋರ್‌ನ ಅಮೆರಿಕನ್ ಸಿಬ್ಬಂದಿ ಸಾಮಾನ್ಯವಾಗಿ ಐದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿ ಕೆಲಸ ಮಾಡುವಂತಿಲ್ಲ. ಕುರ್ಚಿಗೆ ಅಂಟಿಕೊಂಡ ಅಧಿಕಾರಿಗಳು ಬೇಡ, ಹೊಸಬರು ಬರುತ್ತಿರಲಿ ಎಂಬುದು ಉದ್ದೇಶ. ಅದರಿಂದ ಲಾಭವೂ ಆಗಿದೆ. ಆದರೆ ಹಳ್ಳಿಯಲ್ಲಿದ್ದವರು ಎರಡು ವರ್ಷಕ್ಕೆ, ಅವರನ್ನು ನೋಡಿಕೊಳ್ಳುವವರು ಐದು ವರ್ಷಕ್ಕೆ ಗಂಟುಮೂಟೆ ಕಟ್ಟಿದರೆ ಹಿಂದೆ ಏನು ನಡೆದಿತ್ತು ಎಂಬುದನ್ನು ಯಾರು ನೆನಪಿಡಬೇಕು? ಸಂಸ್ಥೆಯ ಒಳಗಿನ ತನಿಖಾ ವಿಭಾಗವೇ 2012ರಲ್ಲಿ ಈ ನಿಯಮದ ಪರಿಣಾಮವನ್ನು ಪರಿಶೀಲಿಸಿ, ಸಿಬ್ಬಂದಿ ಹೀಗೆ ಬದಲಾಗುತ್ತಲೇ ಇರುವುದರಿಂದ ಆಗುವ ನಷ್ಟವನ್ನು ಬಿಡಿಸಿ ಹೇಳಿತ್ತು. ಉಳಿಯುವವರೆಂದರೆ ಸ್ಥಳೀಯ ನೌಕರರು, ಮತ್ತೆ ಹಳ್ಳಿಯಲ್ಲಿ ಸ್ವಯಂಸೇವಕರ ಜೊತೆ ದುಡಿದ ಜೊತೆಗಾರರು. ಹಂಚಿಕೆಯ ಏರ್ಪಾಡುಗಳೆಲ್ಲ ಹೊರಗಿನಿಂದ ಬಂದವರ ನಡುವೆಯೇ ಸುತ್ತುವುದರಿಂದ, ಇವರಿಬ್ಬರೂ ಅದರ ಆಚೆಗೇ ಉಳಿಯುತ್ತಾರೆ.

ಕೈಪಿಡಿಯಲ್ಲಿ ಇರುವುದು, ಇಲ್ಲದಿರುವುದು

ಸ್ವಯಂಸೇವಕರ ಅರಿವಿನಲ್ಲಿ ಎರಡು ಬಗೆ. ಒಂದು, ಕೆಲಸ ಮಾಡುವ ವಿಧಾನ. ಇನ್ನೊಂದು, ಆ ಜಾಗದ ತಿಳಿವಳಿಕೆ. ಮೊದಲನೆಯದು ಕಳೆದುಹೋಗುತ್ತಿದೆ ಎಂಬ ಗೋಳಾಟದಲ್ಲಿ ಅಷ್ಟು ಹುರುಳಿಲ್ಲ. 1975ರಿಂದಲೇ ಪೀಸ್ ಕೋರ್ ತನ್ನ ಸ್ವಯಂಸೇವಕರು ಬರೆದ ಕೈಪಿಡಿಗಳನ್ನು ಸಂಗ್ರಹಿಸಿ ಹಂಚುವ ವಿಭಾಗವನ್ನು ನಡೆಸಿದೆ. ಕೋಳಿಗೂಡು, ಜೇನುಪೆಟ್ಟಿಗೆ, ಹೊಗೆಯಿಲ್ಲದ ಒಲೆ, ಬಾವಿಯ ಸಿಮೆಂಟ್ ಉಂಗುರ, ಯಾವುದು ಬೇಕೋ ಅದಕ್ಕೆ ಪುಸ್ತಕವಿದೆ.

ಆಫ್ರಿಕಾದ ಜಾಂಬಿಯಾ ದೇಶದ ಮೀನು ಹೊಂಡವನ್ನೇ ತೆಗೆದುಕೊಳ್ಳಿ. 1990ರ ದಶಕದಿಂದ ಅಲ್ಲಿ ಪೀಸ್ ಕೋರ್ ಸ್ವಯಂಸೇವಕರು ಸಣ್ಣ ರೈತರ ಜೊತೆ ಮೀನು ಸಾಕಣೆ ಮಾಡಿಸುತ್ತಾ ಬಂದಿದ್ದಾರೆ. ಮೀನು ತಿಲಾಪಿಯ ಜಾತಿಯದು, ನಮ್ಮಲ್ಲಿ ಜಿಲೇಬಿ ಮೀನು ಎನ್ನುವುದರ ನೆಂಟ. ಹತ್ತು ಮೀಟರ್ ಅಗಲ, ಹದಿನೈದು ಮೀಟರ್ ಉದ್ದದ ಹೊಂಡವಾದರೆ 150 ಚದರ ಮೀಟರ್. ಚದರ ಮೀಟರಿಗೆ ಎರಡರಂತೆ 300 ಮರಿ. ಒಂದು ತುದಿಯಲ್ಲಿ ಮುಕ್ಕಾಲು ಮೀಟರ್ ಆಳ, ತೂಬಿನ ಕಡೆ ಒಂದು ಮೀಟರಿಗಿಂತ ತುಸು ಹೆಚ್ಚು. ಏರಿ ಕಟ್ಟುವ ಮೊದಲು ಅದರ ತಳದುದ್ದಕ್ಕೂ ಕಾಲುವೆ ತೋಡಿ, ಜೇಡಿಮಣ್ಣು ತುಂಬಿ, ಪದರ ಪದರವಾಗಿ ಬಡಿದು ಗಟ್ಟಿಮಾಡಬೇಕು. ಈ ಒಂದು ಕೆಲಸ ಬಿಟ್ಟರೆ ಹುಲ್ಲು, ಬೇರುಗಳಿದ್ದ ಮೇಲ್ಮಣ್ಣಿನ ಮೂಲಕ ನೀರು ಜಿನುಗಿ ಹೊಂಡ ನಿಲ್ಲುವುದೇ ಇಲ್ಲ. ಮೂಲೆಯಲ್ಲಿ ಕಡ್ಡಿಗಳಿಂದ ಬೇಲಿ ಹೆಣೆದು ಗೊಬ್ಬರದ ಜಾಗ ಮಾಡಬೇಕು. ಅದು ಹೊಂಡದ ಹತ್ತನೇ ಒಂದು ಭಾಗ, ಅಂದರೆ 15 ಚದರ ಮೀಟರ್. ಸಗಣಿ, ಹಸಿಸೊಪ್ಪು ಅದರೊಳಗೆ ಕೊಳೆತು ನೀರು ಹಸಿರಾಗಬೇಕು. ಹಸಿರು ಸಾಕೇ ಎಂದು ನೋಡಲು ಯಂತ್ರ ಬೇಡ. ಮೊಣಕೈವರೆಗೆ ಕೈ ಮುಳುಗಿಸಿ; ಬೆರಳ ತುದಿ ಇನ್ನೂ ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು, ಕೈ ಅರ್ಧದಲ್ಲೇ ಮರೆಯಾದರೆ ಹೆಚ್ಚಾಯಿತು. ಸುಮಾರು ಆರು ತಿಂಗಳಿಗೆ ಹೊಂಡ ಬರಿದು ಮಾಡಿ ಪೂರ್ತಿ ಹಿಡಿಯಬೇಕು. ತಡಮಾಡಿದರೆ ತಿಲಾಪಿಯ ಹೊಂಡದಲ್ಲೇ ಮರಿ ಹಾಕುತ್ತಾ ಹೋಗಿ, ಮೇವಿಗೆ ಪೈಪೋಟಿಯಾಗಿ, ಕೊನೆಗೆ ಸಿಗುವುದು ಬೆರಳುದ್ದದ ಸಾವಿರ ಮೀನು.

ಇಷ್ಟೂ ಕೈಪಿಡಿಯಲ್ಲಿದೆ. ತರಬೇತಿಯಲ್ಲಿ ಹೇಳುತ್ತಾರೆ, ಗುದ್ದಲಿ ಹಿಡಿಸಿ ಮಾಡಿಸುತ್ತಾರೆ.

ಹೊಸ ಸ್ವಯಂಸೇವಕರು ಹಳ್ಳಿಗೆ ಬಂದಾಗ ಕಾಡುವ ಪ್ರಶ್ನೆಗಳು ಬೇರೆ. ಮೇಲಿನ ತೊರೆಯಿಂದ ಬರುವ ಕಾಲುವೆ ಯಾರ ಜಮೀನು ದಾಟಿ ಬರುತ್ತದೆ? ಅವರಿಗೂ ಹೊಂಡದ ಮಾಲೀಕರಿಗೂ ಸರಿಯಿದೆಯೇ? ಮಳೆಗಾಲ ಶುರುವಾಗುವ ನವೆಂಬರಿಗೆ ಮೊದಲು, ಅಕ್ಟೋಬರಿನ ಬಿಸಿಲಲ್ಲಿ, ಆ ಕಾಲುವೆಯಲ್ಲಿ ನೀರು ಉಳಿಯುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಇದ್ದವರು ಮೀನುಮರಿಯನ್ನು ಪುಕ್ಕಟೆ ಕೊಟ್ಟಿದ್ದರೇ, ದುಡ್ಡಿಗೆ ಕೊಡಿಸಿದ್ದರೇ? ಪುಕ್ಕಟೆ ಕೊಟ್ಟಿದ್ದರೆ ಹೊಸಬರು ‘ಪಕ್ಕದ ರೈತರಿಂದ ಕೊಂಡುಕೊಳ್ಳಿ’ ಎಂದು ಹೇಳುವುದು ಊರಿನವರ ಕಿವಿಗೆ ಜಿಪುಣತನವಾಗಿಯೇ ಬೀಳುತ್ತದೆ. ಮರಿ ಮಾರಿ ಬದುಕಬಹುದಾಗಿದ್ದ ಆ ಪಕ್ಕದ ರೈತರ ಕಸುಬೂ ಅಲ್ಲಿಗೆ ನಿಂತಿರುತ್ತದೆ. ಕೊಟ್ಟ ಮಾತು, ಕೊಟ್ಟ ವಸ್ತು, ಉಳಿದ ಜಗಳ, ಇವು ಮೂರನ್ನೂ ಬರೆದಿಡುವ ಪದ್ಧತಿಯಿಲ್ಲ.

ಒಂದೇ ಹಳ್ಳಿಗೆ ಒಬ್ಬರಾದ ಮೇಲೊಬ್ಬರನ್ನು ಎರಡು ಮೂರು ಸರದಿ ಕಳಿಸುವ ವಾಡಿಕೆ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತಿತ್ತು. ಹಳಬರು ಹೊಸಬರು ಒಂದೆರಡು ದಿನ ಒಟ್ಟಿಗೆ ಊರು ಸುತ್ತಿದರೂ ಬಾಯಿಂದ ಬಾಯಿಗೆ ಒಂದಿಷ್ಟು ದಾಟುತ್ತಿತ್ತು. 2020ರ ಮಾರ್ಚ್‌ನಲ್ಲಿ ಅದೂ ಕಡಿದುಹೋಯಿತು. ಕೋವಿಡ್ ಕಾರಣಕ್ಕೆ ಅರವತ್ತಕ್ಕೂ ಹೆಚ್ಚು ದೇಶಗಳಲ್ಲಿದ್ದ ಸುಮಾರು ಏಳು ಸಾವಿರ ಸ್ವಯಂಸೇವಕರನ್ನು ಕೆಲವೇ ದಿನಗಳಲ್ಲಿ ಊರಿಗೆ ಕರೆಸಿಕೊಂಡರು. ಅನೇಕರಿಗೆ ಬ್ಯಾಗು ತುಂಬಲು ಸಿಕ್ಕಿದ್ದೇ ಒಂದು ದಿನ. ಮತ್ತೆ ಹೊಸ ಸ್ವಯಂಸೇವಕರು ಜಾಂಬಿಯಾದಲ್ಲಿ ಇಳಿದದ್ದು 2022ರ ಮಾರ್ಚ್‌ನಲ್ಲಿ. ನಡುವಿನ ಎರಡು ವರ್ಷದಲ್ಲಿ ಹೊಂಡಗಳ ಕತೆ ಏನಾಯಿತು ಎಂದು ಹೇಳಬಲ್ಲವರು ಅಲ್ಲಿಯ ರೈತರು ಮತ್ತು ಸ್ಥಳೀಯ ನೌಕರರು ಮಾತ್ರ. ಕೇಳುವುದಿದ್ದರೆ ಅವರನ್ನೇ ಕೇಳಬೇಕಿತ್ತು, ಈಗಲೂ ಅವರನ್ನೇ ಕೇಳಬೇಕು.

ತುಕ್ಕು ಹಿಡಿದ ಪಾಠ

ವಿಧಾನದ ಅರಿವು ಪುಸ್ತಕದಲ್ಲಿದೆ ಎಂದೆ. ಆದರೆ ಪುಸ್ತಕದಲ್ಲಿದ್ದ ಮಾತ್ರಕ್ಕೆ ಕೈಗೆ ಬರುತ್ತದೆ ಎಂದಲ್ಲ. ಇದಕ್ಕೆ ಭಾರತದ್ದೇ ಸಾಕ್ಷಿಯಿದೆ. 1970ರ ದಶಕದಲ್ಲಿ ಇಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಕೈಪಂಪು ಕರ್ನಾಟಕದ ಯಾವ ಹಳ್ಳಿಗೂ ಹೊಸದಲ್ಲ. ಬೋರಿಂಗ್ ಎಂದರೆ ಎಷ್ಟೋ ಊರುಗಳಲ್ಲಿ ಕಣ್ಣಿಗೆ ಬರುವುದು ಅದೇ. ಅದು ಆಫ್ರಿಕಾಕ್ಕೂ ಹೋಯಿತು. ಅಲ್ಲಿ, ವಿಶೇಷವಾಗಿ ಪಶ್ಚಿಮ ಆಫ್ರಿಕಾದ ಹಲವೆಡೆ, ನೆಲದಡಿಯ ನೀರು ಹುಳಿ. ಹುಳಿಯ ಅಳತೆಯಾದ ಪಿಎಚ್ 6.5ಕ್ಕಿಂತ ಕೆಳಗಿಳಿದ ನೀರಿನಲ್ಲಿ ಪಂಪಿನ ಸತು ಲೇಪಿಸಿದ ಕಬ್ಬಿಣದ ಪೈಪು, ಸರಳುಗಳು ತುಕ್ಕು ಹಿಡಿಯುತ್ತವೆ. ಬೆಳಿಗ್ಗೆ ಮೊದಲ ಕೊಡ ಕೆಂಪು ನೀರು, ಬಾಯಿಗಿಟ್ಟರೆ ಕಬ್ಬಿಣದ ರುಚಿ, ಅನ್ನ ಬೇಯಿಸಿದರೆ ಬಣ್ಣ ಕೆಡುತ್ತದೆ. ಹೆಂಗಸರು ಪಂಪು ಬಿಟ್ಟು ಹಳೆಯ ಹೊಳೆಗೇ ಹೋಗುತ್ತಾರೆ. ಕೆಲವು ವರ್ಷದಲ್ಲಿ ಪೈಪು ತೂತಾಗಿ ಕಳಚಿ ಕೊಳವೆಬಾವಿಯೊಳಗೇ ಬೀಳುತ್ತದೆ.

ಕಬ್ಬಿಣದಂಶ ಭೂಮಿಯಿಂದಲೇ ಬರುತ್ತಿದೆಯೋ, ಪೈಪಿನಿಂದಲೋ ಎಂದು ತಿಳಿಯುವುದು ಸುಲಭ. ರಾತ್ರಿಯಿಡೀ ಪಂಪು ಬಳಸದೆ ಬಿಟ್ಟು ಬೆಳಿಗ್ಗೆ ಮೊದಲ ನೀರನ್ನು ಪರೀಕ್ಷಿಸಬೇಕು. ಆಮೇಲೆ ಪೈಪಿನಲ್ಲಿ ನಿಂತ ನೀರೆಲ್ಲ ಖಾಲಿಯಾಗುವಷ್ಟು ಹೊತ್ತು ಬಿಡದೆ ಪಂಪು ಮಾಡುತ್ತಾ ನಡುನಡುವೆ ಮತ್ತೆ ಪರೀಕ್ಷಿಸಬೇಕು. ಕಬ್ಬಿಣದಂಶ ಇಳಿಯುತ್ತಾ ಹೋದರೆ ತಪ್ಪು ಪೈಪಿನದು, ಹಾಗೇ ಉಳಿದರೆ ನೆಲದ್ದು. ಪೈಪಿನದಾದರೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸಬೇಕು, ಬೇರೆ ಉಪಾಯವಿಲ್ಲ.

ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿ ಸೇರಿ 1980ರ ದಶಕದಲ್ಲಿ ನಡೆಸಿದ ಕೈಪಂಪು ಯೋಜನೆಯಲ್ಲೇ ಇದು ಗೊತ್ತಾಗಿತ್ತು. ಆದರೂ 2022ರಲ್ಲಿ ಗ್ರಾಮೀಣ ನೀರು ಸರಬರಾಜು ಜಾಲ ಎಂಬ ಅಂತರರಾಷ್ಟ್ರೀಯ ಬಳಗ ಅದೇ ತುಕ್ಕಿನ ಮೇಲೆ ಮತ್ತೆ ಅಧ್ಯಯನ ಸರಣಿ ಹೊರತರಬೇಕಾಯಿತು. ಅದೇ ಬಳಗ 2009ರಲ್ಲಿ ಒಟ್ಟುಗೂಡಿಸಿದ ಅಂಕಿಅಂಶದ ಪ್ರಕಾರ ಸಹರಾದ ದಕ್ಷಿಣದ ಆಫ್ರಿಕಾದಲ್ಲಿ ಮೂರರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿತ್ತು. ಅಷ್ಟಕ್ಕೂ ತುಕ್ಕೊಂದೇ ಕಾರಣವಲ್ಲ. ಬಿಡಿಭಾಗ ಸಿಗದಿರುವುದು, ದುರಸ್ತಿಗೆ ದುಡ್ಡು ಕೂಡಿಸದಿರುವುದು, ಬಾವಿಯನ್ನೇ ತಪ್ಪು ಜಾಗದಲ್ಲಿ ಕೊರೆದಿರುವುದು ಎಲ್ಲವೂ ಇವೆ. ಆದರೆ ತುಕ್ಕಿನ ಪಾಠ ನಾಲ್ಕು ದಶಕವಾದರೂ ಕೊಳ್ಳುವ ಜಾಗಕ್ಕೆ, ಅಂದರೆ ಟೆಂಡರು ಬರೆಯುವವರ ಮೇಜಿಗೆ, ತಲುಪಲಿಲ್ಲ. ಸ್ವಯಂಸೇವಕರು ಕಂಡದ್ದನ್ನು ತಮ್ಮತಮ್ಮಲ್ಲೇ ಹೇಳಿಕೊಂಡರು. ಪೈಪು ಕೊಳ್ಳುವವರಿಗೆ ಹೇಳುವ ದಾರಿ ಅವರಿಗಿರಲಿಲ್ಲ.

ವರದಿ ಏಕೆ ಸುಳ್ಳಾಡದೆಯೂ ಮುಚ್ಚಿಡುತ್ತದೆ

ವರದಿಗಳು ಹೇರಳವಾಗಿವೆ. 1965ರಲ್ಲಿ ಶುರುವಾದ ಜಪಾನಿನ ಸ್ವಯಂಸೇವಕ ಯೋಜನೆಯಲ್ಲಿ ಎರಡು ವರ್ಷದ ಅವಧಿಗೆ ಐದು ವರದಿ ಕೊಡಬೇಕು. ಪೀಸ್ ಕೋರ್‌ನಲ್ಲಿ ಅವಧಿಯುದ್ದಕ್ಕೂ ತರಬೇತಿ ಪಡೆದವರ ಲೆಕ್ಕ ತುಂಬಬೇಕು, ಮುಗಿಸುವಾಗ ಸೇವಾ ವಿವರಣೆಯೊಂದನ್ನು ಬರೆಯಬೇಕು. ಆ ಕೊನೆಯ ಕಾಗದ ಸ್ವಯಂಸೇವಕರ ಮುಂದಿನ ಉದ್ಯೋಗಕ್ಕೆ ದಾಖಲೆಯಾಗುತ್ತದೆ. ‘ನಾಲ್ಕು ಹೊಂಡ ತೋಡಿಸಿದೆವು, ಮೂರು ಒಣಗಿದವು’ ಎಂದು ಅದರಲ್ಲಿ ಯಾರು ಬರೆಯುತ್ತಾರೆ? ನಾಲ್ಕು ಹೊಂಡ ಎಂಬುದು ನಿಜ, ಅಲ್ಲಿಗೇ ನಿಲ್ಲಿಸುತ್ತಾರೆ. ಓದುವವರು ಸಂಬಳ ಕೊಡುವವರೋ ದುಡ್ಡು ಕೊಡುವವರೋ ಆಗಿರುವ ಯಾವ ಕಾಗದದಲ್ಲೂ ಮುಂದೆ ಬರುವ ಕೆಲಸಗಾರರಿಗೆ ಬೇಕಾದ ಮಾತು ಇರುವುದಿಲ್ಲ. ಇದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ, ಕಾಗದದ ಗುರಿಯೇ ಬೇರೆ.

ಕೆನಡಾದ ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 2008ರಿಂದ ವೈಫಲ್ಯ ವರದಿ ಎಂದೇ ಹೆಸರಿಟ್ಟು ತನ್ನ ಸೋಲುಗಳನ್ನು ಪ್ರಕಟಿಸತೊಡಗಿತು. ದಿಟ್ಟ ಹೆಜ್ಜೆಯೇ. ಆದರೂ ಸೋಲನ್ನು ಚೆನ್ನಾಗಿ ಬರೆದವರಿಗೆ ಚಪ್ಪಾಳೆ ಬೀಳತೊಡಗಿದರೆ, ಸೋಲಿನ ಬರಹವೂ ಇನ್ನೊಂದು ಬಗೆಯ ಯಶೋಗಾಥೆಯಾಗಿಬಿಡುವ ಅಪಾಯವಿದೆ. ವರ್ಷಕ್ಕೊಮ್ಮೆ ಬರುವ ಪುಸ್ತಕಕ್ಕಿಂತ, ಅದೇ ತಪ್ಪನ್ನು ಮುಂದಿನ ತಿಂಗಳು ಮಾಡಲಿರುವವರಿಗೆ ಇವತ್ತೇ ಹೋಗುವ ನಾಲ್ಕು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ವಾಟ್ಸಾಪ್ ಇದೆಯಲ್ಲ ಎನ್ನಬಹುದು. ಇದೆ. ಸಮಸ್ಯೆಯೇನೆಂದರೆ ಆ ಗುಂಪುಗಳು ಒಟ್ಟಿಗೆ ವಿಮಾನ ಇಳಿದವರ ಗುಂಪುಗಳು. ಅವರೆಲ್ಲ ಒಟ್ಟಿಗೆ ವಾಪಸಾದಾಗ ಗುಂಪೂ ಮದುವೆ, ಮಕ್ಕಳ ಫೋಟೊಗಳಿಗೆ ತಿರುಗುತ್ತದೆ. ಮುಂದಿನ ತಂಡ ಹೊಸ ಗುಂಪು ಮಾಡಿ ಅದೇ ಪ್ರಶ್ನೆ ಕೇಳುತ್ತದೆ. ಒಳ್ಳೆಯ ಉತ್ತರ ಬಂದರೂ ಶುಭೋದಯದ ಸಂದೇಶಗಳಡಿ ಹೂತುಹೋಗುತ್ತದೆ. ಗುಂಪನ್ನು ತಂಡದ ಹೆಸರಿನಲ್ಲಿ ಮಾಡದೆ ಕೆಲಸದ ಹೆಸರಿನಲ್ಲಿ ಮಾಡಿದರೆ, ಉದಾಹರಣೆಗೆ ‘ಉತ್ತರ ಪ್ರಾಂತ್ಯ ಮೀನು’ ಎಂದು, ಸ್ವಯಂಸೇವಕರು ಬಂದು ಹೋದರೂ ಅದು ನಿಲ್ಲುತ್ತದೆ. ಅಡ್ಮಿನ್ ಆಗಿ ಸ್ಥಳೀಯ ನೌಕರರೊಬ್ಬರು ಇರಲೇಬೇಕು.

ಪ್ರಶ್ನೋತ್ತರವನ್ನು ಹಿಡಿದಿಡುವುದು ಹೇಗೆ ಎಂಬುದಕ್ಕೆ ಭಾರತದಲ್ಲೇ ಒಂದು ಮಾದರಿ ಇತ್ತು. ವಿಶ್ವಸಂಸ್ಥೆಯ ಭಾರತದ ಕಚೇರಿಗಳು 2005ರಲ್ಲಿ ಶುರುಮಾಡಿದ ಸೊಲ್ಯೂಷನ್ ಎಕ್ಸ್‌ಚೇಂಜ್‌ನಲ್ಲಿ ನೀರು, ಆರೋಗ್ಯ, ಪಂಚಾಯತ್ ವ್ಯವಸ್ಥೆ ಹೀಗೆ ವಿಷಯಕ್ಕೊಂದು ಬಳಗ. ಕ್ಷೇತ್ರದಲ್ಲಿರುವವರೊಬ್ಬರು ಪ್ರಶ್ನೆ ಕಳಿಸಿದರೆ ಅದನ್ನು ಹಾಗೆಯೇ ಎಲ್ಲರಿಗೂ ದೂಡುತ್ತಿರಲಿಲ್ಲ. ನಿರ್ವಾಹಕರು ಮೊದಲು ಪ್ರಶ್ನೆಯನ್ನು ಒರೆಗೆ ಹಚ್ಚುತ್ತಿದ್ದರು. ಆಮೇಲೆ ಇಮೇಲಿನಲ್ಲಿ ಬಳಗಕ್ಕೆ ಹೋಗುತ್ತಿತ್ತು, ಉತ್ತರಕ್ಕೆ ಕೆಲವು ದಿನಗಳ ಗಡುವು. ಕೊನೆಗೆ ಬಂದದ್ದನ್ನೆಲ್ಲ ಜರಡಿ ಹಿಡಿದು, ಎಲ್ಲಿ ಯಾರು ಏನು ಮಾಡಿದ್ದಾರೆ ಎಂಬ ಉದಾಹರಣೆಗಳೊಡನೆ ಒಂದು ಕ್ರೋಡೀಕೃತ ಉತ್ತರ ಎಲ್ಲರಿಗೂ ಸಿಗುತ್ತಿತ್ತು. ಈ ಏರ್ಪಾಡಿನ ಗುಟ್ಟು ತಂತ್ರಜ್ಞಾನದಲ್ಲಿರಲಿಲ್ಲ. ಪ್ರಶ್ನೆ ತಿದ್ದಿ ಉತ್ತರ ಸಂಗ್ರಹಿಸುವುದೇ ಕೆಲಸವಾಗಿದ್ದ, ಅದಕ್ಕಾಗಿ ಸಂಬಳ ಪಡೆಯುತ್ತಿದ್ದ ಜನರಿದ್ದರು. ಬಿಡುವಿನಲ್ಲಿ ಯಾರಾದರೂ ಮಾಡಿಕೊಳ್ಳಲಿ ಎಂದು ಬಿಟ್ಟ ಕಡೆ ಇಂಥದ್ದು ಆರು ತಿಂಗಳು ಬಾಳಿದರೆ ಹೆಚ್ಚು. ಸ್ವಯಂಸೇವಕ ಸಂಸ್ಥೆಗಳು ಇದಕ್ಕೆ ದುಡ್ಡಿಡಲು ಹಿಂಜರಿಯುವುದೂ ನಿಜ, ದಾನಿಗಳಿಗೆ ಇದರ ಫೋಟೊ ತೋರಿಸಲಾಗುವುದಿಲ್ಲವಲ್ಲ.

ಎದುರುಬದುರು ಕೂರುವ ಅವಕಾಶ ಸಿಕ್ಕರೆ ಅದನ್ನು ಯಾವಾಗ ಬಳಸಬೇಕು ಎಂಬುದೇ ಮುಖ್ಯ. ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಅನುಭವ ಕೇಳುತ್ತಾರೆ. ತೈಲ ಕಂಪನಿ ಬಿಪಿ 1990ರ ದಶಕದಲ್ಲಿ ಅದನ್ನು ತಿರುಗಿಸಿ, ಕೆಲಸ ಶುರುವಾಗುವ ಮೊದಲೇ ಅನುಭವಿಗಳನ್ನು ಕರೆಸುವ ಪದ್ಧತಿ ರೂಢಿಸಿತು. ಅದು ಅಭಿವೃದ್ಧಿ ಸಂಸ್ಥೆಗಳಿಗೂ ಹೊಂದುತ್ತದೆ. ಆರರಿಂದ ಎಂಟು ಜನ, ಅರ್ಧ ದಿನ ಸಾಕು. ಹೊಂಡ ತೋಡಲಿರುವವರು ಇಪ್ಪತ್ತು ನಿಮಿಷದಲ್ಲಿ ತಮ್ಮ ಯೋಜನೆ ಹೇಳಬೇಕು. ಬಂದವರು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಆಗಲೇ ಬೇಡ. ಆಮೇಲೆ ಅವರು ತಮ್ಮೊಳಗೆ ಚರ್ಚಿಸುವಾಗ ಕರೆದವರು ಬಾಯಿಮುಚ್ಚಿ ಕೇಳಿಸಿಕೊಳ್ಳಬೇಕು. ಇದೇ ಕಷ್ಟದ ಭಾಗ. ತಮ್ಮ ಯೋಜನೆಗೆ ಸಮರ್ಥನೆ ಕೊಡಲು ಎಲ್ಲರಿಗೂ ನಾಲಗೆ ತುರಿಸುತ್ತದೆ. ಕೊನೆಗೆ ಯಾವುದನ್ನು ಬದಲಿಸುತ್ತೇವೆ, ಯಾವುದನ್ನು ಬದಲಿಸುವುದಿಲ್ಲ ಎಂದು ಕರೆದವರು ಹೇಳಬೇಕು. ಅತಿಥಿಗಳಲ್ಲಿ ಅರ್ಧದಷ್ಟು ಜನ ಅದೇ ಜಿಲ್ಲೆಯ ರೈತರೋ ಇಲಾಖೆಯವರೋ ಆಗಿರದಿದ್ದರೆ ಸಭೆ ಹೊರಗಿನವರ ಹರಟೆಯಾಗುತ್ತದೆ. ಪೀಸ್ ಕೋರ್‌ನ ಯೋಜನಾ ತಯಾರಿ ಕಾರ್ಯಾಗಾರಕ್ಕೆ ಸ್ವಯಂಸೇವಕರು ತಮ್ಮ ಹಳ್ಳಿಯ ಜೊತೆಗಾರರನ್ನು ಕರೆತರುತ್ತಾರೆ. ಉಳಿದ ಸಂಸ್ಥೆಗಳು ಇದನ್ನು ಕಣ್ಣುಮುಚ್ಚಿ ಎತ್ತಿಕೊಳ್ಳಬಹುದು.

ಹಂಚಬಾರದ್ದು

ಎಲ್ಲವನ್ನೂ ಎಲ್ಲರಿಗೂ ಹೇಳುವುದು ಒಳ್ಳೆಯದಲ್ಲ. 2009ರಲ್ಲಿ ಬೆನಿನ್ ದೇಶದಲ್ಲಿ ಕೇಟ್ ಪೂಜಿ ಎಂಬ ಪೀಸ್ ಕೋರ್ ಸ್ವಯಂಸೇವಕಿಯ ಕೊಲೆಯಾಯಿತು. ಶಾಲೆಯ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಆಕೆ ಗುಟ್ಟಾಗಿ ದೂರು ಕೊಟ್ಟಿದ್ದರು. ಆ ಗುಟ್ಟು ಉಳಿಯಲಿಲ್ಲ ಎಂಬ ಆರೋಪ ಎದ್ದಿತು. 2011ರಲ್ಲಿ ಆಕೆಯ ಹೆಸರಿನಲ್ಲೇ ಅಮೆರಿಕದ ಸಂಸತ್ತು ಸ್ವಯಂಸೇವಕರ ರಕ್ಷಣೆಯ ಕಾನೂನು ತಂದು, ದೂರು ಕೊಟ್ಟವರ ಗೋಪ್ಯತೆ ಕಾಪಾಡುವುದನ್ನು ಕಡ್ಡಾಯ ಮಾಡಿತು. ಆದ್ದರಿಂದ ಎರಡು ದಾರಿ ಬೇರೆಬೇರೆ ಇರಬೇಕು. ಕೆಲಸದ ಮಾತು ಗುಂಪಿಗೆ. ವ್ಯಕ್ತಿಯ ಮೇಲಿನ ದೂರು, ಕಿರುಕುಳ, ಹಣದ ಅಕ್ರಮದ ಮಾತು ಗೊತ್ತುಪಡಿಸಿದ ಒಬ್ಬ ಅಧಿಕಾರಿಗೆ ಮಾತ್ರ, ವಾಟ್ಸಾಪ್‌ನಲ್ಲಿ ಸುಳಿವಿನ ರೂಪದಲ್ಲೂ ಬೇಡ. ಹಾಗೆಂದು ಅದು ಅಧಿಕಾರಿಯ ಡ್ರಾಯರಿನಲ್ಲೇ ಕೊಳೆಯಬಾರದು. ಆ ಹಳ್ಳಿಗೆ ಮುಂದೆ ಯಾರನ್ನಾದರೂ ಕಳಿಸುವ ಮೊದಲು ಜಾಗದ ಹಿಂದಿನ ಸುರಕ್ಷತಾ ಕಡತವನ್ನು ತೆಗೆದು ಓದುವ ನಿಯಮ ಇರಬೇಕು. ಮಕ್ಕಳ ಫೋಟೊ, ರೋಗಿಗಳ ಹೆಸರು ಹಂಚಬಾರದು ಎಂದು ಬೇರೆ ಹೇಳಬೇಕಿಲ್ಲ, ಆದರೂ ಹಂಚುತ್ತಾರೆ.

ಪ್ರತಿ ಎಲ್ಲಿರಬೇಕು?

ಒಂದೇ ಕಡೆ ಇಟ್ಟರೆ ಏನಾಗುತ್ತದೆ ಎಂಬುದು 2025ರಲ್ಲಿ ಗೊತ್ತಾಯಿತು. ಫೆಬ್ರವರಿಯ ಆರಂಭದಲ್ಲಿ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನ ಜಾಲತಾಣ ಮಾಯವಾಯಿತು, ಜುಲೈ 1ರಂದು ಆ ಸಂಸ್ಥೆಯೇ ಪ್ರತ್ಯೇಕವಾಗಿ ಉಳಿಯಲಿಲ್ಲ. ದಶಕಗಳ ಕಾಲ ಜಗತ್ತಿನೆಲ್ಲೆಡೆಯ ಯೋಜನೆಗಳ ಲಕ್ಷಕ್ಕೂ ಮಿಕ್ಕ ದಾಖಲೆಗಳಿದ್ದ ಅದರ ಅನುಭವ ಸಂಗ್ರಹವೂ ಕೈಗೆ ಸಿಗದಾಯಿತು. ಹೊರಗಿನ ಕೆಲವರು ಮೊದಲೇ ಇಳಿಸಿಕೊಂಡಿದ್ದರಿಂದ ಒಂದಿಷ್ಟು ಬದುಕಿತು. ಅನುದಾನ ಕಡಿತವಾಗುತ್ತಿರುವ ಈ ಹೊತ್ತಿನಲ್ಲಿ ಇದು ಅಮೆರಿಕಕ್ಕೆ ಮಾತ್ರ ಸೀಮಿತವಾದ ತೊಂದರೆಯಲ್ಲ. 1958ರಲ್ಲಿ ಶುರುವಾದ ಬ್ರಿಟನ್ನಿನ ಸ್ವಯಂಸೇವಕ ಸಂಸ್ಥೆ ವಿಎಸ್‌ಒ ಈಗ ಹೊರಗಿನಿಂದ ಬಂದವರ ಜೊತೆ ಅದೇ ದೇಶದ, ಅದೇ ಊರಿನ ಸ್ವಯಂಸೇವಕರನ್ನೂ ಸೇರಿಸಿ ಕೆಲಸ ಮಾಡಿಸುತ್ತದೆ. ಅದಕ್ಕೆ ಕಾರಣಗಳು ಹಲವು, ಆದರೆ ಅನುಭವ ಊರಿನಲ್ಲೇ ಉಳಿಯುವುದು ಅದರಿಂದಾಗುವ ಲಾಭಗಳಲ್ಲಿ ದೊಡ್ಡದು.

ಹೊರಡುವ ಸ್ವಯಂಸೇವಕರು ಬಿಟ್ಟುಹೋಗಬೇಕಾದ ಕಾಗದ ಎರಡು ಹಾಳೆ ದಾಟಬಾರದು, ಉದ್ದವಾದರೆ ಓದುವುದಿಲ್ಲ. ಅದನ್ನು ಅವಧಿಯ ಕೊನೆಯ ವಾರಕ್ಕೆ ಬಿಡದೆ ಒಂದು ವರ್ಷ ತುಂಬಿದಾಗಲೇ ಶುರುಮಾಡಬೇಕು. 2020ರ ಹಾಗೆ ಮತ್ತೆ ಓಡಬೇಕಾದರೆ ಅರ್ಧವಾದರೂ ಇರುತ್ತದೆ. ಅದರಲ್ಲಿರಬೇಕಾದವು: ಊರಿಗೆ ಕೊಟ್ಟ ಮಾತುಗಳು ಮತ್ತು ಅವು ಎಲ್ಲಿಗೆ ಬಂದವು; ಪುಕ್ಕಟೆ ಕೊಟ್ಟ ವಸ್ತುಗಳು; ಸ್ಥಳೀಯ ಹಣದಲ್ಲಿ ಆದ ಖರ್ಚು, ತಿಂಗಳು ಮತ್ತು ವರ್ಷ ಸಮೇತ; ಬಿಡಿಭಾಗ ಸಿಗುವ ಅಂಗಡಿಯ ಊರು ಮತ್ತು ಅಲ್ಲಿಗೆ ಹೋಗುವ ಬಸ್ಸು; ಮಾಡಿ ಬಿಟ್ಟದ್ದು, ಬಿಟ್ಟ ಕಾರಣ. ನೀರಿನ ಕೆಲಸವಾದರೆ ಪಿಎಚ್ ಎಷ್ಟು, ಯಾವ ತಿಂಗಳು ಅಳೆದದ್ದು ಎಂಬುದೂ. ‘ಜನರಲ್ಲಿ ಜಾಗೃತಿ ಮೂಡಿಸಲಾಯಿತು’ ಎಂಬ ಜಾತಿಯ ವಾಕ್ಯ ಕಂಡರೆ ಹೊಡೆದುಹಾಕಬೇಕು.

ಒಂದು ಪ್ರತಿ ಸಂಸ್ಥೆಯ ಕಚೇರಿಗೆ, ಒಂದು ಜಿಲ್ಲಾ ಮೀನುಗಾರಿಕೆ ಅಥವಾ ನೀರು ಇಲಾಖೆಗೆ, ಇನ್ನೊಂದು ಜೊತೆಗಾರರಿಗೆ. ಜೊತೆಗಾರರ ಪ್ರತಿ ಜಾಂಬಿಯಾದ ಭಾಷೆಗಳಾದ ಬೆಂಬಾದಲ್ಲೋ ನ್ಯಾಂಜಾದಲ್ಲೋ ಇರಬೇಕು, ಕಾಗದದ ಮೇಲೆಯೇ ಇರಬೇಕು. ಹೊಸಬರು ಬಂದ ಮೊದಲ ತಿಂಗಳಲ್ಲಿ ಜೊತೆಗಾರರ ಪಕ್ಕದಲ್ಲಿ ಕೂತು ಅದನ್ನು ಸಾಲು ಸಾಲಾಗಿ ಓದಬೇಕು. ಹಿಂದಿನವರು ಬರೆದದ್ದು ತಪ್ಪೆಂದು ಜೊತೆಗಾರರು ಹೇಳಿದ ಕಡೆ ಅಳಿಸದೆ, ಪಕ್ಕದಲ್ಲಿ ತಾರೀಖು ಹಾಕಿ ಅವರ ಮಾತನ್ನೂ ಬರೆಯಬೇಕು. ಮೂರನೆಯ ಸರದಿಯವರ ಕೈಗೆ ಸಿಗುವ ಹೊತ್ತಿಗೆ ಅಂಚಿನಲ್ಲಿ ಬರೆದದ್ದೇ ಮೂಲಕ್ಕಿಂತ ಹೆಚ್ಚಿರುತ್ತದೆ. ಆಗ ಹೊಸ ಹಾಳೆ ತೆಗೆದುಕೊಂಡು, ಈ ಸಲ ಜೊತೆಗಾರರಿಂದಲೇ ಬರೆಸಬೇಕು.